ನಮ್ಮ ಹೊಲದಲ್ಲಿ ಇರೋದು ಬರೀ ರಾಗಿ ಅಲ್ಲ ಸಾರ್

ಮಾನ್ಯ ಕೃಷಿ ಮಂತ್ರಿಗಳಿಗೆ, ಇಲಾಖೆಯ ದೊಡ್ಡ ಸಾಹೇಬ್ರಿಗೆ, ಹಂಗೇ ಇದನ್ನ ಓದ್ತಿರೋ ಎಲ್ರಿಗೂ ನಮಸ್ಕಾರ.

ಹೋದ ಮುಂಗಾರಲ್ಲಿ ನಮ್ಮ ಹೊಲಕ್ಕೆ ಬೆಳೆ ಸಮೀಕ್ಷೆ ಮಾಡೋಕೆ ಒಬ್ಬ ಹುಡುಗ ಬಂದಿದ್ದ. ಪಾಪ ಬೆಳಗ್ಗೆಯಿಂದ ಬಿಸಿಲಲ್ಲಿ ಮೊಬೈಲ್ ಹಿಡ್ಕೊಂಡು ಬದು ಬದು ತಿರುಗ್ತಾ ಇದ್ದ, ನೀರು ಕೊಟ್ಟೆ, ಕುಡ್ದು "ಏನ್ ಬೆಳೆ ಅಣ್ಣ" ಅಂದ. ನಾನು ಶುರು ಮಾಡ್ದೆ, ರಾಗಿ, ಅವರೆ, ತೊಗರಿ, ಅಲಸಂದೆ, ಜೋಳ, ಆ ಅಂಚಿಗೆ ಹುಚ್ಚೆಳ್ಳು, ಈ ಮೂಲೇಲಿ ನಾಲ್ಕು ಹರಳು ಗಿಡ, ಮಧ್ಯೆ ಮಧ್ಯೆ ಸಾಸಿವೆ... ಅವ್ನು ನಕ್ಬಿಟ್ಟ. "ಅಣ್ಣ ಇಷ್ಟೆಲ್ಲಾ ಹಾಕ್ತಾ ಕೂತ್ರೆ ನಂಗೆ ಇವತ್ತು ನಿಮ್ಮ ಹೊಲ ಒಂದೇ ಆಗೋದು, ರಾಗಿ ಅಂತ ಹಾಕ್ಬಿಡ್ತೀನಿ ಬಿಡಿ" ಅಂದ, ಫೋಟೋ ತೆಗ್ದ, ಹೋದ. ಆ ಹುಡುಗನ ಮೇಲೆ ನಂಗೆ ಒಂಚೂರೂ ಸಿಟ್ಟಿಲ್ಲ, ಅವ್ನಿಗೆ ಸಿಗೋದೇ ಒಂದು ಪ್ಲಾಟಿಗೆ ಇಷ್ಟು ಅಂತ ಚಿಲ್ಲರೆ ಕಾಸು. ಆದ್ರೆ ಸಾಯಂಕಾಲ ಬದು ಮೇಲೆ ಕೂತ್ಕೊಂಡಾಗ ತಲೆಗೆ ಬಂತು, ಸರ್ಕಾರದ ಪ್ರಕಾರ ನನ್ನ ಒಂದು ಎಕರೆ ಹತ್ತು ಗುಂಟೆಲಿ ಏಳು ಬೆಳೆ ಇಲ್ವೇ ಇಲ್ಲ. ನಮ್ಮ ತಾತ, ಅವ್ರ ತಾತ ಮಾಡ್ಕೊಂಡು ಬಂದಿದ್ದು ಒಂದು ಬಟನ್ ಒತ್ತೋ ಹೊತ್ತಿಗೆ ಮಾಯ. ಹಿಂಗೆ ರಾಗಿ ಜೊತೆ ಬೇರೆ ಬೆಳೆ ಸೇರಿಸಿ ಹಾಕೋದಕ್ಕೆ ನಾವು ಅಕ್ಕಡಿ ಅಂತೀವಿ, ಅದರ ಪರವಾಗೇ ಈ ಪತ್ರ.

ಬೆಂಗಳೂರು, ಹುಬ್ಬಳ್ಳಿ, ಮಂಗಳೂರು ಕಡೆ ಓದ್ತಿರೋರಿಗೆ ಮೊದ್ಲು ಅಕ್ಕಡಿ ಅಂದ್ರೆ ಏನು ಅಂತ ಹೇಳ್ಬಿಡ್ತೀನಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ದೊಡ್ಡಬಳ್ಳಾಪುರ, ರಾಮನಗರ ಕಡೆ ಮಳೆ ನಂಬ್ಕೊಂಡು ರಾಗಿ ಹಾಕೋರು ಬರೀ ರಾಗಿ ಹಾಕ್ತಿರ್ಲಿಲ್ಲ. ಎಂಟೋ ಹತ್ತೋ ಸಾಲು ರಾಗಿ ಆದ್ಮೇಲೆ ಒಂದು ಸಾಲು ಅಕ್ಕಡಿ, ಅಂದ್ರೆ ಅವರೆ, ತೊಗರಿ, ಅಲಸಂದೆ, ಜೋಳ, ಇವನ್ನ ಬೆರೆಸಿಯೋ ಬೇರೆ ಬೇರೆಯಾಗೋ ಬಿಡೋರು. ನಮ್ಮ ತಾತನ ಕಾಲದಲ್ಲಿ ಹನ್ನೆರಡು ಸಾಲಿನ ಕೂರಿಗೆ ಇತ್ತು, ಮುಂದೆ ಎತ್ತು, ಕೂರಿಗೆ ಬಟ್ಟಲಿಗೆ ರಾಗಿ ಬಿಡೋಕೆ ಒಬ್ರು, ಅದರ ಹಿಂದೆ ಹಗ್ಗಕ್ಕೆ ಕಟ್ಟಿದ ಸಡ್ಡೆ ಹಿಡ್ಕೊಂಡು ನಮ್ಮಜ್ಜಿ. ಸಡ್ಡೆ ಅಂದ್ರೆ ಬಿದಿರಿನ ಕೊಳವೆ, ಮೇಲೆ ಬಾಯಿ ಅಗಲ, ಅದರೊಳಗೆ ಅಕ್ಕಡಿ ಕಾಳು ಒಂದೊಂದಾಗಿ ಬಿಡ್ತಾ ನಡೀಬೇಕು. ನೋಡೋಕೆ ಸಲೀಸು, ಮಾಡಿದ್ರೆ ಗೊತ್ತಾಗುತ್ತೆ. ನಾನು ಎಂಟನೇ ಕ್ಲಾಸಲ್ಲಿದ್ದಾಗ ಒಂದು ಸಾಲು ಬಿಟ್ಟೆ, ಎರಡು ವಾರ ಆದ್ಮೇಲೆ ಅಲ್ಲಿ ಒಂದ್ ಕಡೆ ಗುಂಪಾಗಿ ಇಪ್ಪತ್ತು ತೊಗರಿ, ಆಮೇಲೆ ಹತ್ತು ಮಾರು ಬೋಳು. ಅಜ್ಜಿ ಊರಿಗೆಲ್ಲ ತೋರಿಸಿದ್ರು, "ನೋಡ್ರೋ ನನ್ ಮೊಮ್ಮಗನ ಅಕ್ಕಡಿ" ಅಂತ.

ಇದರಲ್ಲಿರೋ ಲೆಕ್ಕಾಚಾರ ನೋಡಿ. ರಾಗಿ ಬೇರು ಮೇಲ್ಮಣ್ಣಲ್ಲೇ ಹರಡ್ಕೊಳ್ಳುತ್ತೆ, ತೊಗರಿ ಬೇರು ಕೆಳಗೆ ಇಳಿಯುತ್ತೆ, ಹಂಗಾಗಿ ನೀರಿಗೆ ಜಗಳ ಕಮ್ಮಿ. ರಾಗಿ ಕಾರ್ತಿಕದ ಹೊತ್ತಿಗೆ ಕೊಯ್ಲಿಗೆ ಬರುತ್ತೆ, ಅವರೆ ತೊಗರಿ ಆಮೇಲೂ ಹೊಲದಲ್ಲೇ ನಿಂತ್ಕೊಂಡು ಮಾಗಿ ಚಳಿ, ಇಬ್ಬನಿ ಕುಡ್ಕೊಂಡು ಧನುರ್ಮಾಸದಲ್ಲಿ ಕಾಯಿ ಬಿಡುತ್ತೆ, ಅವರೆಕಾಯಿಗೆ ಸೊಗಡು ಬರೋದೇ ಆವಾಗ. ಹುಚ್ಚೆಳ್ಳು ದನ ಬಾಯಿ ಹಾಕಲ್ಲ ಅದಕ್ಕೇ ಅದು ಅಂಚಿಗೆ, ಬೇಲಿ ಖರ್ಚು ಉಳೀತು, ಮೇಲಾಗಿ ಅದರ ಹಳದಿ ಹೂವಿಗೆ ಜೇನು ಮುತ್ಕೊಳ್ಳುತ್ತೆ. ಜೋಳದ ತೆನೆ ಮೇಲೆ ಕೂತ ಹಕ್ಕಿ ಸುಮ್ನೆ ಕೂರಲ್ಲ, ಅವರೆ ಕಾಯಿ ಹುಳಾನೂ ಹೆಕ್ಕುತ್ತೆ. ಮೃಗಶಿರ ಮಳೆ ಕೈ ಕೊಟ್ರೆ ತೊಗರಿ ಅಲಸಂದೆ ಹೋಯ್ತು ಅನ್ಕೊಳ್ಳಿ, ಪುಷ್ಯ ಆಶ್ಲೇಷದಲ್ಲಿ ಹದ ಆದ್ರೆ ರಾಗಿ ಆಗುತ್ತೆ, ಅದೂ ಕೈ ಕೊಟ್ರೆ ಕೊನೇಗೆ ದನಕ್ಕೆ ಜೋಳದ ಕಡ್ಡಿನಾದ್ರೂ ಆಗುತ್ತೆ. ಯಾವ ಇನ್ಶೂರೆನ್ಸ್ ಕಂಪನಿನೂ ಇಲ್ಲದ ಕಾಲದ ಇನ್ಶೂರೆನ್ಸ್ ಇದು.

ಇದನ್ನ ಹೇಳಿದ್ರೆ ಆಫೀಸ್ ಕಡೆ ಜನ "ಹಳೇ ಕಾಲದ ಕಥೆ" ಅಂತಾರೆ. ಸಾರ್, ಹಳೇ ಕಥೆ ಅಲ್ಲ, ನಿಮ್ಮದೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಶಿಫಾರಸು ಮಾಡಿರೋದು, ರಾಗಿ ಅವರೆ 8:1, ಅಂದ್ರೆ ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ರಾಗಿ ತೊಗರಿ 8:2 ಇಲ್ಲಾ 10:2. ಇನ್ನೊಂದು ಹೇಳ್ತೀನಿ ಕೇಳಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಯೂನಿವರ್ಸಿಟಿ ಕಡೆಯ ವಿಜ್ಞಾನಿಗಳು 2018 ರಲ್ಲಿ ಒಂದು ಪ್ರಯೋಗ ಪ್ರಕಟ ಮಾಡಿದ್ರು, ಕುಂಡದಲ್ಲಿ ತೊಗರಿ ರಾಗಿ ಜೊತೆಗೆ ಬೆಳೆಸಿ. ತೊಗರಿ ಬೇರು ಕೆಳಗಿನ ತೇವ ರಾತ್ರಿ ಹೊತ್ತು ಮೇಲಕ್ಕೆ ಎತ್ತುತ್ತೆ, ಬೇರಿಗೆ ಅಂಟಿರೋ ಶಿಲೀಂಧ್ರದ ಎಳೆಗಳು ಆ ನೀರನ್ನ ಪಕ್ಕದ ರಾಗಿಗೆ ಮುಟ್ಟಿಸೋಕೆ ನೆರವಾಗುತ್ತೆ ಅನ್ನೋದು ಅದರ ಸಾರ. ನಮ್ಮಜ್ಜಿಗೆ ಶಿಲೀಂಧ್ರ ಗೊತ್ತಿರ್ಲಿಲ್ಲ, ತೊಗರಿ ಪಕ್ಕದ ರಾಗಿ ಬಾಡೋದು ಲೇಟು ಅಂತ ಮಾತ್ರ ಗೊತ್ತಿತ್ತು.

ಆಮೇಲೆ ಅಡುಗೆಮನೆ ವಿಷ್ಯ. ರಾಗಿ ದುಡ್ಡು ಯಾವಾಗ್ಲೂ ತಾತನ ಜೇಬಿಗೆ ಹೋಗೋದು, ಸಾಲ, ಸೊಸೈಟಿ, ಮದುವೆ ಮುಯ್ಯಿ. ಅಕ್ಕಡಿ ಕಾಳು ಅಜ್ಜಿದು. ಯಾವ ಬೀಜ ಎತ್ತಿಡ್ಬೇಕು, ಎಷ್ಟು ಬೂದಿ ಬೆರೆಸಿ ಮಡಕೆಗೆ ಹಾಕ್ಬೇಕು, ಯಾರಿಗೆ ಒಂದು ಸೇರು ಕೊಟ್ಟು ಅವ್ರ ಹತ್ರ ಏನು ಈಸ್ಕೋಬೇಕು, ಎಲ್ಲಾ ಅಜ್ಜಿ ತೀರ್ಮಾನ. ಅಲಸಂದೆ ಮಾರಿ ಬಳೆ ಹಾಕಿಸ್ಕೊಳ್ಳೋರು, ಹುಚ್ಚೆಳ್ಳು ಗಾಣಕ್ಕೆ ಕೊಟ್ಟು ಎಣ್ಣೆ ತರೋರು, ಮಿಕ್ಕಿದ್ದು ಚಟ್ನಿಪುಡಿ. ಹೊಲದಲ್ಲಿ ಬೇಡ ಅಂದ್ರೂ ಬರೋ ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಗೋಣಿ ಸೊಪ್ಪು ಎಲ್ಲಾ ಸೇರಿ ಬೆರಕೆ ಸೊಪ್ಪು, ಅದಕ್ಕೆ ಎರಡು ಹಿಡಿ ತೊಗರಿ ಬೇಳೆ ಬಿದ್ರೆ ಮಸ್ಸೊಪ್ಪು. ಹತ್ತು ಪೈಸೆ ಖರ್ಚಿಲ್ಲದ ಸಾರು. ಈಗ ಕಳೆನಾಶಕ ಹೊಡ್ದ ಮೇಲೆ ಬೆರಕೆ ಸೊಪ್ಪು ಎಲ್ಲಿಂದ ಬರ್ಬೇಕು. ನಮ್ಮೂರಿನ ಸಂತೇಲೇ ಅದನ್ನ ಕಟ್ಟು ಲೆಕ್ಕದಲ್ಲಿ ದುಡ್ಡು ಕೊಟ್ಟು ತಗೊಂಡು ಬರೋ ಕಾಲ ಬಂದಿದೆ, ಅದೂ ಹಳ್ಳಿಯೋರು.

ಸರಿ, ಈಗ ಒಂಚೂರು ಹೊರಗಡೆ ಹೋಗಿ ಬರೋಣ. ಯಾಕಂದ್ರೆ ನಮ್ಮ ಕಡೆ ಒಂದು ಚಾಳಿ ಇದೆ, ನಮ್ಮೋರು ಮಾಡಿದ್ರೆ ಗೊಡ್ಡು, ಅದನ್ನೇ ಹೊರದೇಶದೋರು ಮಾಡಿದ್ರೆ ಟೆಕ್ನಾಲಜಿ.

ಮೆಕ್ಸಿಕೋದಲ್ಲಿ ಮಿಲ್ಪಾ ಅಂತ ಬೇಸಾಯ ಇದೆ. ಸಾವಿರಾರು ವರ್ಷದ್ದು. ಮುಸುಕಿನ ಜೋಳ, ಅದಕ್ಕೆ ಸುತ್ಕೊಂಡು ಹತ್ತೋ ಬೀನ್ಸ್ ಬಳ್ಳಿ, ಕೆಳಗೆ ನೆಲದ ತುಂಬಾ ಕುಂಬಳದ ಎಲೆ. ಜೋಳದ ದಂಟು ಬೀನ್ಸಿಗೆ ಊರುಗೋಲು, ಬೀನ್ಸ್ ಬೇರಿನ ಗಂಟು ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಸೇರಿಸುತ್ತೆ, ಕುಂಬಳದ ಎಲೆ ನೆಲ ಮುಚ್ಚಿ ಕಳೆ ಬರ್ದಂಗೆ, ತೇವ ಆರ್ದಂಗೆ ನೋಡ್ಕೊಳ್ಳುತ್ತೆ. ಅವ್ರ ಹೊಲದಲ್ಲೂ ಬೇಡ ಅಂದ್ರೂ ಬರೋ ಸೊಪ್ಪುಗಳಿವೆ, ಅದಕ್ಕೆ ಕೆಲೀತೆಸ್ ಅಂತಾರೆ, ಅವ್ರೂ ಕಿತ್ತು ಬೇಯಿಸ್ಕೊಂಡು ತಿಂತಾರೆ, ನಮ್ಮ ಬೆರಕೆ ಸೊಪ್ಪಿನ ಅಣ್ಣತಮ್ಮ ಇದ್ದಂಗೆ. ಇನ್ನೊಂದು ಮಜಾ ಅಂದ್ರೆ ಅವ್ರು ಜೋಳನ ಸುಣ್ಣದ ನೀರಲ್ಲಿ ಬೇಯಿಸಿ ಆಮೇಲೆ ಅರ್ದು ರೊಟ್ಟಿ ಮಾಡ್ತಾರೆ, ಹಂಗೆ ಮಾಡಿದ್ರೆ ಜೋಳದೊಳಗಿನ ನಿಯಾಸಿನ್ ಅನ್ನೋ ವಿಟಮಿನ್ ಮೈಗೆ ಹತ್ತುತ್ತೆ. ಜೋಳ ಯುರೋಪಿಗೆ ಹೋಯ್ತು, ಸುಣ್ಣದ ವಿದ್ಯೆ ಹೋಗ್ಲಿಲ್ಲ, ಬರೀ ಜೋಳ ತಿಂದ ಬಡವರಿಗೆ ಆ ವಿಟಮಿನ್ ಸಿಗದೆ ಪೆಲಾಗ್ರ ಅನ್ನೋ ರೋಗ ಬಂತು. ಬೀಜ ಮಾತ್ರ ತಗೊಂಡು ಅದರ ಜೊತೆಗಿರೋ ತಿಳುವಳಿಕೆ ಬಿಟ್ರೆ ಏನಾಗುತ್ತೆ ಅನ್ನೋಕೆ ಇದಕ್ಕಿಂತ ಉದಾಹರಣೆ ನಂಗೆ ಗೊತ್ತಿಲ್ಲ. 1994 ರಲ್ಲಿ ಅಮೆರಿಕ ಜೊತೆ ವ್ಯಾಪಾರ ಒಪ್ಪಂದ ಜಾರಿ ಆದ್ಮೇಲೆ ಅಗ್ಗದ ಜೋಳ ನುಗ್ಗಿ ಮಿಲ್ಪಾ ರೈತರಿಗೆ ದೊಡ್ಡ ಪೆಟ್ಟು ಬಿತ್ತು, ಆದ್ರೂ ಮಿಲ್ಪಾ ಸತ್ತಿಲ್ಲ. 2025 ರಲ್ಲಿ ಆ ದೇಶ ಕುಲಾಂತರಿ ಮುಸುಕಿನ ಜೋಳ ಬಿತ್ತಬಾರ್ದು ಅಂತ ಸಂವಿಧಾನದಲ್ಲೇ ಬರ್ಕೊಂಡಿದೆ.

ಹಂಗಂತ ದೇಸಿ ದೇಸಿ ಅಂತ ಎದೆ ತಟ್ಕೊಳ್ಳೋರಿಗೂ ಒಂದು ಮಾತು. ನಮ್ಮ ರಾಗಿ ಇಲ್ಲಿ ಹುಟ್ಟಿದ್ದಲ್ಲ, ಇಥಿಯೋಪಿಯಾ, ಉಗಾಂಡ ಕಡೆ ಎತ್ತರದ ಸೀಮೆಯಿಂದ ಬಂದಿದ್ದು. ಹುಚ್ಚೆಳ್ಳೂ ಇಥಿಯೋಪಿಯಾದ್ದೇ, ಅಲ್ಲಿ ಅದಕ್ಕೆ ನೂಗ್ ಅಂತಾರೆ, ಇವತ್ತಿಗೂ ಎಣ್ಣೆ ತೆಗೀತಾರೆ. ಮುಸುಕಿನದಲ್ಲದ ನಮ್ಮ ಜೋಳ, ಅಲಸಂದೆ, ಹರಳು ಎಲ್ಲಾ ಆಫ್ರಿಕಾದ ನೆಂಟ್ರೇ. ನಮ್ಮ ಸಾಲಲ್ಲಿ ಅಪ್ಪಟ ಇಲ್ಲೇ ಹುಟ್ಟಿದ್ದು ಅಂದ್ರೆ ತೊಗರಿ. ಬಂದ ನೆಂಟ್ರನ್ನೆಲ್ಲ ಯಾರ್ಯಾರ ಪಕ್ಕ ಕೂರಿಸ್ಬೇಕು ಅಂತ ಗೊತ್ತು ಮಾಡಿದ್ದು ಮಾತ್ರ ನಮ್ಮೋರು. ಮಂಡ್ಯದಲ್ಲಿ ಕೂತು ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಇಂಡಾಫ್ ತಳಿ ಮಾಡಿದ್ದೂ ಇಂಡಿಯಾದ ರಾಗಿ ಆಫ್ರಿಕಾದ ರಾಗಿ ಕ್ರಾಸ್ ಮಾಡೇ, ಹೆಸರಲ್ಲೇ ಇದೆ ನೋಡಿ. ಆ ತಳಿಗಳು ಎಷ್ಟು ಮನೆ ಕಣಜ ತುಂಬಿಸಿದಾವೆ ಅಂತ ನಮ್ಮಪ್ಪನ ಕೇಳಿ. ಹಂಗಾಗಿ ನಾನು ಹೊಸ ತಳಿ ವಿರೋಧಿ ಅಲ್ಲ, ಗೊಬ್ಬರದ ವಿರೋಧಿನೂ ಅಲ್ಲ, ನಾನು ಹಾಕಿರೋದು ಜಿಪಿಯು 28 ಅನ್ನೋ ರಾಗಿ ತಳಿ, ಎಲೆ ತೆನೆ ಸುಟ್ಟಂಗೆ ಮಾಡೋ ಬೆಂಕಿ ರೋಗ ತಡ್ಕೊಳ್ಳುತ್ತೆ ಅಂತ.

ಬೆಂಕಿ ರೋಗ ಅಂದಾಗ ನೆನಪಾಯ್ತು. ಭತ್ತಕ್ಕೂ ಅದರ ದಾಯಾದಿ ರೋಗ ಬರುತ್ತಲ್ಲ, ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಬೇಗ ರೋಗ ಬರೋ ಅಂಟಕ್ಕಿ ಭತ್ತನ ರೋಗ ತಡೆಯೋ ಭತ್ತದ ಸಾಲುಗಳ ಮಧ್ಯೆ ಹಾಕಿ ಸಾವಿರಾರು ಎಕರೆಯಲ್ಲಿ ನೋಡಿದ್ರು. ಒಂದೇ ತಳಿ ಹಾಕಿದ್ದಕ್ಕಿಂತ ಆ ಅಂಟಕ್ಕಿಲಿ ರೋಗ 94% ಕಮ್ಮಿ, ಇಳುವರಿ 89% ಜಾಸ್ತಿ. 2000 ದಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿದ್ದು ಇದು, ವಾಟ್ಸಾಪ್ ಫಾರ್ವರ್ಡ್ ಅಲ್ಲ. ಇದಕ್ಕೆ ಉಲ್ಟಾ ಕಥೆನೂ ಇದೆ, ಐರ್ಲೆಂಡ್ ಬಡವರು ಲಂಪರ್ ಅನ್ನೋ ಒಂದೇ ಆಲೂಗಡ್ಡೆ ತಳಿ ನಂಬ್ಕೊಂಡಿದ್ರು, 1845 ರಲ್ಲಿ ಅಂಗಮಾರಿ ಬಂತು, ಮುಂದಿನ ಕೆಲವೇ ವರ್ಷದಲ್ಲಿ ಹತ್ತು ಲಕ್ಷದಷ್ಟು ಜನ ಹೋದ್ರು. ಅಮೆರಿಕದಲ್ಲಿ 1970 ರಲ್ಲಿ ಬಹುಪಾಲು ಹೈಬ್ರಿಡ್ ಮುಸುಕಿನ ಜೋಳದೊಳಗೆ ಒಂದೇ ತಾಯಿ ಕುಲ ಇತ್ತು ಅಂತ ಎಲೆ ರೋಗ ಒಂದೇ ಸಲ ಬಡಿದು ಬೆಳೆಯ 15% ರಷ್ಟು ಹೋಯ್ತು.

ಕೀನ್ಯಾದ್ದು ಒಂದಿದೆ, ಅದು ನಂಗೆ ತುಂಬಾ ಇಷ್ಟ. ವಿಕ್ಟೋರಿಯಾ ಸರೋವರದ ದಡದಲ್ಲಿ ಎಂಬಿಟಾ ಅನ್ನೋ ಊರಲ್ಲಿ ಜಿಯಾವುರ್ ಖಾನ್ ಅಂತ ನಮ್ಮ ದೇಶದಲ್ಲೇ ಹುಟ್ಟಿದ ಕೀಟ ವಿಜ್ಞಾನಿ ಮತ್ತೆ ಅವ್ರ ಜೊತೆಯೋರು 1990 ರ ದಶಕದಲ್ಲಿ ಒಂದು ಪದ್ಧತಿ ಮಾಡಿದ್ರು, ಪುಷ್ ಪುಲ್ ಅಂತ, ತಳ್ಳು ಎಳೆ ಅನ್ಕೊಳ್ಳಿ. ಮುಸುಕಿನ ಜೋಳದ ಸಾಲುಗಳ ಮಧ್ಯೆ ಡೆಸ್ಮೋಡಿಯಂ ಅನ್ನೋ ದ್ವಿದಳ ಬಳ್ಳಿ, ಅದರ ವಾಸನೆಗೆ ಕಾಂಡ ಕೊರೆಯೋ ಹುಳದ ಚಿಟ್ಟೆ ಓಡುತ್ತೆ. ಹೊಲದ ಸುತ್ತ ನೇಪಿಯರ್ ಹುಲ್ಲು, ಅದರ ವಾಸನೆಗೆ ಅದೇ ಚಿಟ್ಟೆ ಹೋಗಿ ಮೊಟ್ಟೆ ಇಡುತ್ತೆ, ಮರಿ ಹುಳ ಕೊರೆಯೋಕೆ ಹೋದ್ರೆ ಹುಲ್ಲಿನ ಅಂಟು ರಸಕ್ಕೆ ಸಿಕ್ಕಾಕ್ಕೊಂಡು ಬಹಳಷ್ಟು ಸಾಯುತ್ತೆ. ಜೋಳದ ಬೇರಿಗೆ ಅಂಟ್ಕೊಂಡು ರಸ ಹೀರೋ ಸ್ಟ್ರೈಗಾ ಕಳೆನೂ ಡೆಸ್ಮೋಡಿಯಂ ಅಡಗಿಸುತ್ತೆ. ಮೇಲೆ ಹುಲ್ಲು ಬಳ್ಳಿ ಎರಡೂ ಹಸುಗೆ ಮೇವು. ಇದನ್ನ ಓದಿದಾಗ ನಂಗೆ ಅಂಚಿನ ಹುಚ್ಚೆಳ್ಳೂ ಸಾಲಿನ ಸಾಸಿವೆನೂ ನೆನಪಾಯ್ತು. ಕೀನ್ಯಾ ತನಕ ಯಾಕೆ, ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯೋರೇ ಕೋಸಿನ 25 ಸಾಲಿಗೆ 2 ಸಾಲು ಸಾಸಿವೆ ಹಾಕಿ ಕೋಸಿನ ಎಲೆ ತಿನ್ನೋ ಡಿಬಿಎಂ ಹುಳ ಸಾಸಿವೆಗೆ ಹೋಗುತ್ತೆ ಅಂದ್ರು, ಟೊಮೇಟೊ 16 ಸಾಲಿಗೆ 1 ಸಾಲು ಚೆಂಡು ಹೂ ಹಾಕಿ ಕಾಯಿ ಕೊರಕ ಅಲ್ಲಿಗೆ ಹೋಗುತ್ತೆ ಅಂದ್ರು. ಇದು ಅಕ್ಕಡಿ ಅಲ್ದೆ ಇನ್ನೇನು ಸಾರ್? ನಮ್ಮ ಕಡೆ ಕೋಸು ಟೊಮೇಟೊ ತೋಟಗಳಲ್ಲಿ ಎಷ್ಟು ಕಡೆ ಈ ಸಾಸಿವೆ ಕಾಣ್ಸುತ್ತೆ ಅಂತ ಒಂದ್ಸಲ ಕಾರ್ ಇಳ್ದು ನೋಡಿ. ಔಷಧಿ ಅಂಗಡಿ ಮಾತ್ರ ಪ್ರತಿ ಸರ್ಕಲ್ ನಲ್ಲೂ ಇದೆ.

ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ರೈತ ಯಾಕೂಬಾ ಸವಾಡೊಗೊ ಹೆಸ್ರು ಕೇಳಿರ್ಬಹುದು, 2018 ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2023 ರಲ್ಲಿ ತೀರ್ಕೊಂಡ್ರು. ಬರಗಾಲಕ್ಕೆ ಕಲ್ಲಾಗಿದ್ದ ನೆಲದಲ್ಲಿ ಬೇಸಿಗೆಲೇ ಗುಳಿ ತೋಡಿ, ಗೊಬ್ಬರ ಹಾಕಿ, ಗೆದ್ದಲು ಬಂದು ಮಣ್ಣು ಸಡಿಲ ಮಾಡಲಿ ಅಂತ ಬಿಟ್ಟು, ಮೊದಲ ಮಳೆಗೆ ಅದೇ ಗುಳೀಲಿ ಸಜ್ಜೆ ಜೋಳ ಬಿತ್ತಿದ ಮನುಷ್ಯ. ಜಾಯಿ ಗುಳಿ ಅಂತ ಕರೀತಾರೆ, ಅವ್ರ ಹಿರಿಯರದೇ ಪದ್ಧತಿ, ಅದನ್ನ ಇವ್ರು ದೊಡ್ಡದು ಮಾಡಿ ಗೊಬ್ಬರ ತುಂಬಿದ್ರು. ಮೊದಮೊದ್ಲು ಊರೋರು ಹುಚ್ಚ ಅಂದಿದ್ರು. ನಮ್ಮಲ್ಲಿ ಗುಳಿ ರಾಗಿ ಹಾಕೋರು ಮಾಡೋದೂ ಹೆಚ್ಚು ಕಮ್ಮಿ ಇದೇನೇ, ಒಂದೂವರೆ ಅಡಿಗೊಂದು ಗುಳಿ, ಒಂದು ಹಿಡಿ ಕೊಟ್ಟಿಗೆ ಗೊಬ್ಬರ, ಎರಡು ಪೈರು.

ಇಷ್ಟೆಲ್ಲ ಹೇಳಿದ ಮೇಲೆ ನಿಜ ಒಪ್ಕೋಬೇಕು. ಅಕ್ಕಡಿ ಬಿಟ್ಟಿದ್ದು ಸರ್ಕಾರ ಅಲ್ಲ, ನಾವೇ. ನಾನೇ ಆರು ವರ್ಷ ಬರೀ ರಾಗಿ ಚೆಲ್ಲಿದ್ದೀನಿ. ಯಾಕೆ ಅಂತ ಕೇಳಿ. ಎತ್ತು ಮಾರಿದ್ವಿ, ಎತ್ತಿನ ಜೊತೆ ಕೂರಿಗೆ ಹೋಯ್ತು, ಕೂರಿಗೆ ಹೋದ್ಮೇಲೆ ಸಾಲೇ ಇಲ್ಲ, ಸಾಲಿಲ್ಲದ ಮೇಲೆ ಅಕ್ಕಡಿ ಸಾಲು ಎಲ್ಲಿಂದ ಬರುತ್ತೆ. ಟ್ರಾಕ್ಟರ್ ರೋಟವೇಟರ್ ಹೊಡಿ, ರಾಗಿ ಎರಚು, ಇನ್ನೊಂದು ಸಲ ಹೊಡಿ, ಮುಗೀತು, ಬಸ್ಸು ಹತ್ತಿ ಬೆಂಗಳೂರಿಗೆ ಡ್ಯೂಟಿಗೆ ಹೋಗು. ಕಳೆ ಕೀಳೋಕೆ ಕೂಲಿ ಸಿಗಲ್ಲ, ಸಿಕ್ಕಿದ್ರೂ ಹನ್ನೊಂದು ಗಂಟೆಗೆ ಬಂದು ನಾಲ್ಕಕ್ಕೆ ಹೋಗ್ತಾರೆ, ತಪ್ಪು ಅಂತಿಲ್ಲ ಅವ್ರ ಬೆನ್ನು ಅವ್ರಿಗೆ. ಕೊಯ್ಲಿಗೆ ಮಷೀನ್ ಬರುತ್ತೆ, ಡ್ರೈವರ್ ಹೊಲ ನೋಡಿ "ಏನ್ ಸಾರ್ ಇದು, ತೊಗರಿ ಗಿಡ ಇದೆ, ಬ್ಲೇಡ್ ಗೆ ಸಿಕ್ಕಾಕ್ಕೊಳ್ಳುತ್ತೆ, ಆಗಲ್ಲ" ಅಂತ ಪಕ್ಕದ ಹೊಲಕ್ಕೆ ಹೋಗ್ತಾನೆ. ನನ್ನ ದೊಡ್ಡಪ್ಪನ ಮಗ ಈಗ್ಲೂ ನನ್ನ ನೋಡಿ ನಗ್ತಾನೆ, "ನಿಂಗೆ ಸಂಬಳ ಬರುತ್ತೆ ಮಾಡ್ತೀಯ" ಅಂತ. ಅವ್ನ ಮಾತಲ್ಲಿ ಅರ್ಧ ಸತ್ಯ ಇದೆ.

ಆ ಇನ್ನರ್ಧಕ್ಕೆ ನನ್ನ ಹೊಲದ ಲೆಕ್ಕ ಕೊಡ್ತೀನಿ. ಹೋದ ವರ್ಷ ರಾಗಿ 7 ಕ್ವಿಂಟಾಲ್ ಆಯ್ತು, ಪಕ್ಕದಲ್ಲಿ ಬರೀ ರಾಗಿ ಹಾಕಿದೋರಿಗೆ ಅಷ್ಟೇ ಜಾಗದಲ್ಲಿ ಎಂಟೂವರೆ. ಅಂದ್ರೆ ನಂಗೆ ಒಂದೂವರೆ ಕ್ವಿಂಟಾಲ್ ಲಾಸ್, 2025-26 ರ ಬೆಂಬಲ ಬೆಲೆ 4,886 ರೂಪಾಯಿ ಲೆಕ್ಕದಲ್ಲಿ 7,329 ರೂಪಾಯಿ. ಈ ಕಡೆ ಬನ್ನಿ, ತೊಗರಿ 60 ಕೆಜಿ, ಅದೇ ವರ್ಷದ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ಅಂದ್ರೆ 4,800. ಹುಚ್ಚೆಳ್ಳು 20 ಕೆಜಿ, ಅದರ ಬೆಂಬಲ ಬೆಲೆ 9,537, ಹತ್ರ ಹತ್ರ 1,900. ಹಸಿ ಅವರೆಕಾಯಿ 3 ಕ್ವಿಂಟಾಲ್, ಕೆಜಿ 40 ರಂಗೆ ಮಾರಿದ್ದು 12,000. ಒಟ್ಟು 18,700. ಮನೇಲಿ ತಿಂದ ಹಿತಕಿದ ಬೇಳೆ ಸಾರು, ನೆಂಟ್ರಿಗೆ ಕಟ್ಟಿ ಕೊಟ್ಟಿದ್ದು, ಅಲಸಂದೆ, ದನದ ಮೇವು ಇದರಲ್ಲಿ ಸೇರಿಲ್ಲ. ಅವರೆ ಬಿಡಿಸೋ ಕೂಲಿನೂ ಸೇರಿಲ್ಲ, ಅದು ನಾನು, ನಮ್ಮನೆಯವ್ರು, ನಮ್ಮಮ್ಮ ಮಾಡಿದ್ದು, ಮೋಸ ಮಾಡಬಾರ್ದು ಹೇಳ್ತಿದ್ದೀನಿ. ಒಂದೇ ಹೊಲ, ಒಂದೇ ವರ್ಷ, ಇದನ್ನೇ ಹಿಡ್ಕೊಂಡು ರಾಜ್ಯಕ್ಕೆಲ್ಲ ಅನ್ವಯ ಮಾಡಿ ಅಂತನೂ ಅಲ್ಲ. ಆದ್ರೆ ಪ್ರಪಂಚದ ನೂರಾರು ಪ್ರಯೋಗ ಸೇರಿಸಿ ನೋಡಿದೋರು ಹೇಳೋದೂ ಇದಕ್ಕೆ ಹತ್ರನೇ ಇದೆ, ಬೆರಕೆ ಬೆಳೆಯ ಒಂದು ಎಕರೆ ಕೊಡೋದನ್ನ ಒಂಟಿ ಬೆಳೇಲಿ ತೆಗೀಬೇಕು ಅಂದ್ರೆ ಸರಾಸರಿ 1.2 ರಿಂದ 1.3 ಎಕರೆ ಬೇಕು.

ಮಷೀನಿಗೆ ಆಗಲ್ಲ ಅನ್ನೋ ಮಾತಿಗೂ ಉತ್ತರ ಇದೆ. ಚೀನಾ ಸರ್ಕಾರ 2022 ರಲ್ಲಿ ಮುಸುಕಿನ ಜೋಳ ಸೋಯಾ ಪಟ್ಟೆ ಪಟ್ಟೆಯಾಗಿ ಹಾಕೋದನ್ನ ದೇಶದ ಕೃಷಿ ನೀತಿಲೇ ಸೇರಿಸಿ ಆ ವರ್ಷಕ್ಕೆ ಸುಮಾರು 10 ಲಕ್ಷ ಹೆಕ್ಟೇರ್ ಗುರಿ ಇಟ್ಕೊಳ್ತು, ಪಟ್ಟೆ ಅಗಲಕ್ಕೆ ಸರಿಯಾಗಿ ಬಿತ್ತೋ ಮಷೀನು ಕೊಯ್ಯೋ ಮಷೀನು ಹೊಂದಿಸಿದ್ರು. ಅಂದ್ರೆ ಅಲ್ಲಿ ಹೊಲಕ್ಕೆ ತಕ್ಕಂಗೆ ಮಷೀನು, ನಮ್ಮಲ್ಲಿ ಮಷೀನಿಗೆ ತಕ್ಕಂಗೆ ಹೊಲ. ನಮ್ಮ 8:2, 10:2 ನೂ ಪಟ್ಟೆನೇ ಅಲ್ವಾ. ಟ್ರಾಕ್ಟರಿಗೆ ಕಟ್ಟೋ ಸೀಡ್ ಡ್ರಿಲ್ ಗೆ ಅಕ್ಕಡಿಗೆ ಅಂತ ಬೇರೆ ಡಬ್ಬ ಇಡೋದು, ರಾಗಿ ಪಟ್ಟೆ ಅಗಲಕ್ಕೆ ಹೋಗೋ ಚಿಕ್ಕ ಕಟಾವು ಮಷೀನ್ ಬಾಡಿಗೆಗೆ ಇಡೋದು, ಇದೇನು ರಾಕೆಟ್ ಅಲ್ಲ. ಮಷೀನು ಬಾಡಿಗೆಗೆ ಕೊಡೋ ಯಂತ್ರಧಾರೆ ಕೇಂದ್ರಗಳು ಹೆಂಗೂ ಇವೆಯಲ್ಲ.

ಹಂಗಂತ ದಯವಿಟ್ಟು ನಾಳೆ ಬೆಳಗ್ಗೆ ಎದ್ದು ಆರ್ಡರ್ ಮಾಡ್ಬೇಡಿ, ಎಲ್ರೂ ಅಕ್ಕಡಿ ಹಾಕ್ಬೇಕು ಅಂತ. ಶ್ರೀಲಂಕಾ ನೋಡಿದ್ವಲ್ಲ, 2021 ರಲ್ಲಿ ಒಂದೇ ಏಟಿಗೆ ರಾಸಾಯನಿಕ ಗೊಬ್ಬರ ಆಮದು ಬಂದ್ ಮಾಡಿದ್ರು, ಭತ್ತ ಬಿತ್ತು, ಟೀ ಬಿತ್ತು, ರೈತರು ಬೀದಿಗೆ ಬಂದ್ರು, ನವೆಂಬರ್ ಹೊತ್ತಿಗೆ ವಾಪಸ್ ತಗೊಂಡ್ರು. ಮಣ್ಣಿಗೆ ಗೆಜೆಟ್ ಓದೋಕೆ ಬರಲ್ಲ.

ಹಂಗಾದ್ರೆ ಏನು ಮಾಡಿ ಅಂತೀಯ ಅಂದ್ರೆ, ಮೊದ್ಲು ಎಣಿಸಿ ಸಾರ್. ಅಷ್ಟೇ. ಬೆಳೆ ಸಮೀಕ್ಷೆಗೆ ಬರೋ ಹುಡುಗರಿಗೆ ಅಕ್ಕಡಿ ಹೊಲಕ್ಕೆ ಸ್ವಲ್ಪ ಜಾಸ್ತಿ ದುಡ್ಡು ಕೊಡಿ, ಏಳು ಬೆಳೆ ಇದ್ರೆ ಏಳೂ ಬರೀಲಿ. ನಾಳೆ ಬರ ಪರಿಹಾರ, ವಿಮೆ, ಖರೀದಿ, ಎಲ್ಲಾ ಅದರ ಮೇಲೇ ನಿಂತಿರೋದು. ವಿಮೆಗೆ ಬೆಳೆ ಕಟಾವು ಪ್ರಯೋಗ ಅಂತ ಮಾಡ್ತೀರಲ್ಲ, 5 ಮೀಟರ್ ಉದ್ದ 5 ಮೀಟರ್ ಅಗಲ ಹಗ್ಗ ಹಿಡ್ದು ಕೊಯ್ದು ತೂಗೋದು, ರಾಗಿ ಹೊಲ ಅಂದ್ರೆ ಅಲ್ಲಿ ತೂಗೋದು ರಾಗಿ ಒಂದನ್ನೇ, ಚೌಕದೊಳಗೆ ನಿಂತಿರೋ ಅವರೆ ಗಿಡ ಆ ದಿನ ಕಳೆಗೆ ಸಮ. ಬೆಳೆ ಸ್ಪರ್ಧೆ ಮಾಡಿ ಕೃಷಿ ಪ್ರಶಸ್ತಿ ಕೊಡ್ತೀರ, ಎಕರೆಗೆ ಯಾರು ಜಾಸ್ತಿ ಕ್ವಿಂಟಾಲ್ ತೆಗೆದ್ರು ಅಂತ, ಒಳ್ಳೇದು, ಅದರ ಪಕ್ಕದಲ್ಲಿ ಇನ್ನೊಂದು ಇಡಿ, ಮಳೆ ನೀರಲ್ಲಿ ಒಂದು ಎಕರೇಲಿ ಯಾರು ಇಡೀ ಮನೆ ಸಾಮಾನು ಬೆಳೆದ್ರು ಅಂತ. ನಮ್ಮೂರ ಹೆಂಗಸ್ರು ಆ ಪ್ರಶಸ್ತಿ ಎಲ್ಲಾ ತಂದ್ಬಿಡ್ತಾರೆ ನೋಡ್ತಿರಿ.

ಬೀಜ ಕೊಡೋವಾಗ ರಾಗಿ ಚೀಲದ ಜೊತೆ ಅರ್ಧ ಕೆಜಿ ಅವರೆ, ಅರ್ಧ ಕೆಜಿ ತೊಗರಿ, ಒಂದು ಹಿಡಿ ಹುಚ್ಚೆಳ್ಳು ಒಂದೇ ಪೊಟ್ಟಣದಲ್ಲಿ ಕೊಡಿ. ಆ ಅವರೆ ಗಿಡ್ಡ ತಳಿ ಬೇಡ, ಅದು ಮೂರು ತಿಂಗಳಿಗೇ ಮುಗಿದು ಹೋಗುತ್ತೆ, ಮಾಗಿ ಚಳಿಗೆ ನಿಲ್ಲೋ ಸೊಗಡಿನ ಅವರೆ ಬೇಕು, ಮಾಗಡಿ ಕಡೆ, ನಮ್ಮ ಕಡೆ ಅಜ್ಜಿಯರ ಹತ್ರ ಇನ್ನೂ ಇದೆ, ದುಡ್ಡು ಕೊಟ್ಟು ಅವ್ರ ಹತ್ರನೇ ಕೊಂಡ್ಕೊಳ್ಳಿ. ಖರೀದಿ ಕೇಂದ್ರದಲ್ಲಿ ಹತ್ತು ಇಪ್ಪತ್ತು ಕೆಜಿ ಹುಚ್ಚೆಳ್ಳು ತಂದೋನ್ನ ನೋಡಿ ನಗೋದು ನಿಲ್ಲಲಿ, ಇಪ್ಪತ್ತು ಮನೇದು ಸೇರಿದ್ರೆ ನಾಲ್ಕು ಕ್ವಿಂಟಾಲ್ ಆಗುತ್ತೆ, ಸ್ತ್ರೀಶಕ್ತಿ ಸಂಘದೋರಿಗೆ ಒಂದು ತಕ್ಕಡಿ ಕೊಟ್ರೆ ಸಾಕು ಅವ್ರೇ ಸೇರಿಸಿ ತರ್ತಾರೆ.

ಇನ್ನೊಂದು ಚಿಕ್ಕದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2002 ರಿಂದ ಜಾಗತಿಕ ಕೃಷಿ ಪರಂಪರೆ ಅಂತ ಗುರ್ತಿಸೋ ಕೆಲ್ಸ ಮಾಡ್ತಿದೆ. ಭಾರತದಿಂದ ಕಾಶ್ಮೀರದ ಕೇಸರಿ, ಒಡಿಶಾದ ಕೊರಾಪುಟ್, ಕೇರಳದಲ್ಲಿ ಸಮುದ್ರ ಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯೋ ಕುಟ್ಟನಾಡು ಸೇರಿದೆ. ಕರ್ನಾಟಕದ್ದು ಒಂದೂ ಇಲ್ಲ. ಅಘನಾಶಿನಿ ಹಿನ್ನೀರಲ್ಲಿ ಉಪ್ಪು ನೀರು ತಡ್ಕೊಳ್ಳೋ ಕಗ್ಗ ಭತ್ತ ಬೆಳೆದು ಅದೇ ಗಜನಿ ಗದ್ದೇಲಿ ಸಿಗಡಿ ಹಿಡಿಯೋ ಕುಮಟಾದೋರು ಇದ್ದಾರೆ, ಬಯಲುಸೀಮೆಲಿ ಅಕ್ಕಡಿ ಹಾಕೋ ನಾವಿದ್ದೀವಿ. ಅರ್ಜಿ ಹಾಕೋಕೆ ಎಷ್ಟೊತ್ತು. 2023 ರಲ್ಲಿ ಸಿರಿಧಾನ್ಯ ವರ್ಷ ಅಂತ ಪ್ರಪಂಚಕ್ಕೆಲ್ಲ ರಾಗಿ ಲಡ್ಡು ಹಂಚಿದ್ವಿ, ಆ ಲಡ್ಡೂಲಿ ಅಕ್ಕಡಿ ಕಾಳಿಗೆ ಜಾಗ ಸಿಗ್ಲಿಲ್ಲ.

ನಿಮ್ಮ ಟೈಮ್ ತುಂಬಾ ತಗೊಂಡೆ. ಪತ್ರಕ್ಕೆ ಉತ್ತರ ಬರ್ದಿದ್ರೂ ಪರವಾಗಿಲ್ಲ, ಡಿಸೆಂಬರ್ ಕೊನೆ ವಾರ ಯಾರನ್ನಾದ್ರೂ ಕಳ್ಸಿ, ರಾಗಿ ಕೊಯ್ದಿರುತ್ತೆ, ಅವರೆ ನಿಂತಿರುತ್ತೆ, ಬೆಳಗ್ಗೆ ಎಂಟಕ್ಕೆ ಮುಂಚೆ ಬಂದ್ರೆ ಇಬ್ಬನಿ ಇರುತ್ತೆ, ಪ್ಯಾಂಟು ಮಂಡಿ ತನಕ ನೆನೆಯುತ್ತೆ ಅದಕ್ಕೆ ರೆಡಿಯಾಗಿ ಬರಲಿ. ಸಮೀಕ್ಷೆ ಮಾಡಿದ ಆ ಹುಡುಗನೂ ಬರಲಿ, ಮುದ್ದೆ ಹಿತಕಿದ ಬೇಳೆ ಸಾರು ಮಾಡಿಸ್ತೀನಿ. ಬೇಕಾದೋರಿಗೆ ಸೊಗಡಿನ ಅವರೆ ಬೀಜ ನಾಲ್ಕು ಸೇರು ಎತ್ತಿಟ್ಟಿದ್ದೀನಿ, ದುಡ್ಡು ಬೇಡ, ಮುಂದಿನ ವರ್ಷ ಎರಡರಷ್ಟು ವಾಪಸ್ ಕೊಡ್ಬೇಕು, ಅದು ನಮ್ಮಜ್ಜಿ ರೂಲ್ಸು.

ಇಂತಿ,
ಒಂದು ಎಕರೆ ಹತ್ತು ಗುಂಟೆಯೋನು